ಸಾವಿಗಿಂತ ಮೊದಲಿನ ಹಾಡು

ಜನಪ್ರಿಯನಾದ ಗಾಯಕನೊಬ್ಬನು ಅಕಾಲದಲ್ಲಿ ಗತಿಸಿದಾಗ ಅವನ ಅಭಿಮಾನಿಗಳ ಮನಸ್ಸಿನಲ್ಲಿ ವಿಲಕ್ಷಣವಾದ ಒಂದು ವ್ಯಾಪಾರವು ಪ್ರಾರಂಭವಾಗುತ್ತದೆ. ಅದುವರೆಗೆ ಉಲ್ಲಾಸಕ್ಕಾಗಿಯೋ, ಯೌವನಸಹಜವಾದ ವಿರಹದ ನೆಪದಿಂದಲೋ, ಬರಿಯ ಸ್ವರಸುಖಕ್ಕಾಗಿಯೋ ಅವರು ಕೇಳುತ್ತಿದ್ದ ಹಾಡುಗಳೆಲ್ಲ ಒಂದೇ ರಾತ್ರಿಯಲ್ಲಿ ಬೇರೊಂದು ಅರ್ಥವನ್ನು ತಳೆದು, ಹದಿನೈದು ವರ್ಷಗಳ ಹಿಂದೆ ಹಾಡಿದ್ದು ಕೂಡ ಇಂದಿನ ಮರಣಕ್ಕೆ ಬರೆದಿಟ್ಟ ಮುನ್ನುಡಿಯಂತೆ ತೋರತೊಡಗುತ್ತದೆ. ದುಃಖವು ಹಸಿಯಾಗಿರುವಾಗ ಹೀಗಾಗುವುದು ಸಹಜ. ಅದನ್ನು ತಪ್ಪೆಂದು ಹಳಿಯುವ ಕಾಠಿನ್ಯ ಯಾರಿಗೂ ಬೇಡ. ಆದರೆ ದುಃಖವು ಆರಿದ ಮೇಲೂ, ವರ್ಷಗಳು ಕಳೆದ ಮೇಲೂ, ಆ ಅರ್ಥವೇ ನಿಜವಾದ ಅರ್ಥವೆಂದು ಸ್ಥಾಪನೆಗೊಂಡು, ಹೊಸದಾಗಿ ಕೇಳಬಂದವರಿಗೆ ಅದನ್ನೇ ಉಪದೇಶಿಸುವ ಪರಿಪಾಠವು ಬೆಳೆದರೆ, ಅದು ಗತಿಸಿದವನಿಗೆ ಸಲ್ಲುವ ಗೌರವವಲ್ಲ, ಅವನಿಗೆ ಬಗೆಯುವ ಅನ್ಯಾಯ ಎಂಬುದು ನನ್ನ ಪಕ್ಷ. ಈ ಅನ್ಯಾಯವನ್ನು ತಡೆಯಲು ಸಮರ್ಥನಾದ ಸಾಕ್ಷಿ ಯಾರಾದರೂ ಇದ್ದರೆ, ಅವನು ಬದುಕಿದ್ದಾಗಲೇ ಅವನನ್ನು ಕೇಳಿ ಮೆಚ್ಚಿದ ಸಾಮಾನ್ಯ ಅಭಿಮಾನಿಯೇ ಹೊರತು ಚರಿತ್ರಕಾರನೂ ಅಲ್ಲ, ಚಲನಚಿತ್ರಕಾರನೂ ಅಲ್ಲ.

ಇದಕ್ಕೆ ನಾನು ತೆಗೆದುಕೊಳ್ಳುವ ಉದಾಹರಣೆ ‘ಕ್ವೀನ್’ ಎಂಬ ಆಂಗ್ಲ ರಾಕ್ ತಂಡದ ಗಾಯಕನಾಗಿದ್ದ ಫ್ರೆಡ್ಡಿ ಮರ್ಕ್ಯುರಿಯದು. 1991ರ ನವೆಂಬರ್ 24ರ ಸಂಜೆ, ಲಂಡನ್ನಿನ ಕೆನ್ಸಿಂಗ್‌ಟನ್ ಭಾಗದಲ್ಲಿದ್ದ ತನ್ನ ಮನೆಯಲ್ಲಿ, ನಾಲ್ವತ್ತೈದನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. ಅವನನ್ನು ನಾನು ಕಂಡವನಲ್ಲ. ಅವನು ವೇದಿಕೆಯ ಮೇಲೆ ಹಾಡಿದ್ದನ್ನು ಎದುರಿಗೆ ನಿಂತು ಕೇಳಿದವನೂ ಅಲ್ಲ. ಬೆಂಗಳೂರಿನಲ್ಲಿ ಕಾಲೇಜು ಓದುತ್ತಿದ್ದ ದಿನಗಳಲ್ಲಿ ಕೈಯಿಂದ ಕೈಗೆ ದಾಟುತ್ತ, ಪ್ರತಿಯಿಂದ ಪ್ರತಿಯಾಗುತ್ತ ನಮ್ಮ ಕೋಣೆಗೆ ಬಂದು ಸೇರಿದ ಕ್ಯಾಸೆಟ್ಟೊಂದರ ಮೂಲಕ ನನಗೆ ಅವನ ಪರಿಚಯವಾಯಿತು. ಆ ಕ್ಯಾಸೆಟ್ಟಿಗೆ ಚಿತ್ರವಿರುವ ಹೊದಿಕೆಯಿರಲಿಲ್ಲ. ಹಾಡುಗಳ ಹೆಸರನ್ನು ಯಾರೋ ನೀಲಿ ಶಾಯಿಯಲ್ಲಿ, ಅಲ್ಲಲ್ಲಿ ಅಕ್ಷರಗಳನ್ನು ತಪ್ಪಾಗಿ, ಕಾಗದದ ಚೂರೊಂದರ ಮೇಲೆ ಬರೆದು ಪೆಟ್ಟಿಗೆಯೊಳಗೆ ಮಡಚಿಟ್ಟಿದ್ದರು. ಹಾಡುವವನು ಕರಿಯನೋ ಬಿಳಿಯನೋ, ಎಳೆಯನೋ ಹಿರಿಯನೋ, ತಂಡದ ನಾಲ್ವರಲ್ಲಿ ಹಾಡನ್ನು ಕಟ್ಟಿದವನು ಯಾವನು, ಇದೊಂದೂ ನಮಗೆ ತಿಳಿದಿರಲಿಲ್ಲ. ನಮಗೆ ಇದ್ದದ್ದು ಕಂಠವೊಂದೇ. ಈಗ ಯೋಚಿಸಿದರೆ, ಆ ಅಜ್ಞಾನವು ನಮಗೆ ಒದಗಿದ ಭಾಗ್ಯವೆಂದೇ ತೋರುತ್ತದೆ.

ಆ ಕಂಠವನ್ನು ಹೇಗೆ ವರ್ಣಿಸಲಿ? ಮಾತನಾಡುವಾಗ ಅವನದು ತಗ್ಗಿದ, ಮಂದ್ರಕ್ಕೆ ಸಮೀಪವಾದ ದನಿಯೆಂದು ಸಂದರ್ಶನಗಳನ್ನು ಕೇಳಿದವರು ಬಲ್ಲರು; ಹಾಡುವಾಗ ಅದೇ ದನಿ ತಾರಸ್ಥಾಯಿಗೆ ಲೀಲೆಯಿಂದ ಏರಿ, ಅಲ್ಲಿ ಬಿರುಸನ್ನೂ ಮಾರ್ದವವನ್ನೂ ಒಂದೇ ಉಸಿರಿನಲ್ಲಿ ತೋರಬಲ್ಲುದಾಗಿತ್ತು. 2016ರಲ್ಲಿ ಯೂರೋಪಿನ ಧ್ವನಿಶಾಸ್ತ್ರಜ್ಞರು ಕೆಲವರು ಅವನ ಧ್ವನಿಮುದ್ರಿಕೆಗಳನ್ನು ಪರೀಕ್ಷಿಸಿ, ಅವನ ಸ್ವರದ ಕಂಪನವು ಸೆಕೆಂಡಿಗೆ ಏಳರಷ್ಟು ವೇಗದ್ದೆಂದೂ, ಅಪೆರಾ ಮೊದಲಾದ ಶಾಸ್ತ್ರೀಯ ಗಾಯನದಲ್ಲಿ ಸಾಮಾನ್ಯವಾಗಿ ಕಾಣುವುದಕ್ಕಿಂತ ಅದು ತ್ವರಿತವೂ ಅನಿಯತವೂ ಆದುದೆಂದೂ ಕಂಡುಕೊಂಡರು. ನಾವು ಅದನ್ನು ಅಳೆದವರಲ್ಲವಾದರೂ ಕಿವಿಯಿಂದ ಬಲ್ಲವರಾಗಿದ್ದೆವು. 1976ರ ‘ಸಮ್‌ಬಡಿ ಟು ಲವ್’ ಎಂಬ ಹಾಡಿನಲ್ಲಿ ಮೇಳವೊಂದು ಅವನಿಗೆ ಉತ್ತರ ಕೊಡುತ್ತದೆ. ಅಮೆರಿಕದ ಕರಿಯ ಜನರ ಇಗರ್ಜಿಗಳ ಭಜನಾಮೇಳವನ್ನೂ, ಅವನು ಬಹುವಾಗಿ ಗೌರವಿಸುತ್ತಿದ್ದ ಅರೀತಾ ಫ್ರಾಂಕ್ಲಿನ್ನಳ ಗಾಯನವನ್ನೂ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಹಾಡು ಅದು. ಕೇಳುವವನಿಗೆ ನೂರು ಜನರ ಮೇಳವೆಂದು ತೋರುವ ಅದರಲ್ಲಿ ಹಾಡಿದವರು ಅವನೂ, ಗಿಟಾರಿನ ಬ್ರಿಯಾನ್ ಮೇ ಅವರೂ, ಡ್ರಮ್ಮಿನ ರೋಜರ್ ಟೇಲರ್ ಅವರೂ, ಹೀಗೆ ಮೂವರೇ. ಪದರದ ಮೇಲೆ ಪದರವಾಗಿ ತಮ್ಮ ದನಿಗಳನ್ನೇ ಮುದ್ರಿಸಿ ಮುದ್ರಿಸಿ ಆ ಜನಸ್ತೋಮವನ್ನು ಅವರು ಸೃಷ್ಟಿಸಿದ್ದರು. ಮೇಳವು ಕ್ರಮೇಣ ಅಡಗಿ, ಒಂದೇ ಸಾಲು ಪಿಸುನುಡಿಯಿಂದ ಮೊದಲಾಗಿ ಆವೃತ್ತಿ ಆವೃತ್ತಿಗೂ ಉಬ್ಬುತ್ತ ಬಂದು, ಕೊನೆಗೆ ಅವನೊಬ್ಬನೇ ಆ ತೆರೆಯ ಮೇಲೆ ನಿಂತು ಸ್ವರವನ್ನು ಮೇಲಕ್ಕೆ ಒಯ್ಯುವ ಸ್ಥಳವು ಬಂದಾಗ ನಮ್ಮ ಕೋಣೆಯಲ್ಲಿ ಯಾರೂ ಮಾತನಾಡುತ್ತಿರಲಿಲ್ಲ. ಹಾಡಿನ ವಿಷಯ ಪ್ರೀತಿಗಾಗಿ ಪರಿತಪಿಸುವವನ ಏಕಾಕಿತನ. ನಮಗಾದುದು ಮಾತ್ರ ಪರಿತಾಪವಲ್ಲ, ಅಪಾರವಾದ ಹರ್ಷ.

ಅವನ ಜೀವನವೃತ್ತಾಂತವು ನನಗೆ ಬಹಳ ತಡವಾಗಿ ತಿಳಿಯಿತು. ಅವನ ಹುಟ್ಟುಹೆಸರು ಫರೋಖ್ ಬಲ್ಸಾರ; 1946ರ ಸೆಪ್ಟೆಂಬರ್ 5ರಂದು ಆಫ್ರಿಕದ ಪೂರ್ವತೀರದ ಜಾಂಜಿಬಾರಿನಲ್ಲಿ, ಪಾರಸಿ ದಂಪತಿಗಳಿಗೆ ಹುಟ್ಟಿದವನು. ಎಂಟು ವರ್ಷದ ಬಾಲಕನನ್ನು ತಂದೆತಾಯಿಗಳು ಹಡಗು ಹತ್ತಿಸಿ ಪಂಚಗಣಿಯ ವಸತಿಶಾಲೆಗೆ ಕಳುಹಿಸಿದರು. ಅಲ್ಲಿಯೇ ಅವನು ಪಿಯಾನೊ ಕಲಿತದ್ದು. ಅಲ್ಲಿಯೇ ‘ಹೆಕ್ಟಿಕ್ಸ್’ ಎಂಬ ಬಾಲಕರ ತಂಡದಲ್ಲಿ, ಮುಖ್ಯ ಗಾಯಕನಾಗಿ ಅಲ್ಲ, ಪಿಯಾನೊ ನುಡಿಸುವವನಾಗಿ ಸೇರಿದ್ದು. ನಮ್ಮ ಕೃಷ್ಣೆಯು ಹುಟ್ಟುವ ಮಹಾಬಲೇಶ್ವರಕ್ಕೆ ಪಂಚಗಣಿಯು ಕೂಗಳತೆಯೆನ್ನುವಷ್ಟು ಸಮೀಪ. ಅದರ ದಿಬ್ಬಗಳ ಮೇಲೆ ನಿಂತರೆ ಕೆಳಗೆ ಕಾಣುವುದು ಆ ನದಿಯ ಕಣಿವೆಯೇ. ಬೆಳಗಾವಿಯ ಸೀಮೆಯಲ್ಲಿ ಕನ್ನಡನಾಡನ್ನು ಹೊಕ್ಕು ಆಲಮಟ್ಟಿಯತ್ತ ಸಾಗುವ ನೀರನ್ನು ಅದರ ಬಾಲ್ಯದಲ್ಲಿ ನೋಡುತ್ತ ಆ ಹುಡುಗನು ಬೆಳೆದನೆಂದು ತಿಳಿದಾಗ ನನಗೆ ಒಂದು ಬಗೆಯ ಬಾಂಧವ್ಯವು ಒಳಗೇ ಮಿಡಿಯಿತೆಂಬುದನ್ನು ಮರೆಮಾಡಲಾರೆ. ಆದರೆ ಆ ಬಾಂಧವ್ಯವು ನನ್ನ ಮನಸ್ಸಿನದು, ಅವನ ಹಾಡಿನದಲ್ಲ. ಅವನನ್ನು ಭಾರತೀಯನೆಂದು ಸಾಧಿಸಹೊರಟ ಲೇಖಕರು ಅವನ ಸ್ವರಗಳಲ್ಲಿ ಭಾರತದ ಬಾಲ್ಯವನ್ನು ಅರಸುವುದೂ, ಹೆಸರನ್ನು ಬದಲಾಯಿಸಿಕೊಂಡದ್ದಕ್ಕಾಗಿ ಅವನ ಮೇಲೆ ಮುನಿಯುವುದೂ ಉಂಟು. 1964ರ ಕ್ರಾಂತಿಯಿಂದ ಜಾಂಜಿಬಾರನ್ನು ತೊರೆದು, ಲಂಡನ್ನಿನ ಅಂಚಿನ ಫೆಲ್ಟಂನಲ್ಲಿ ಹೊಸದಾಗಿ ಬದುಕು ಹೂಡಿದ ಒಂದು ಕುಟುಂಬದ ಹುಡುಗನು, ತಾನು ಏನಾಗಬೇಕೆಂಬುದನ್ನು ತಾನೇ ನಿಶ್ಚಯಿಸಿಕೊಂಡದ್ದು ಯಾವ ಅಪರಾಧವೂ ಅಲ್ಲ.

ಇನ್ನು ಅವನ ಮರಣದ ವಿಷಯ. 1987ರಲ್ಲಿ ಅವನಿಗೆ ಏಡ್ಸ್ ರೋಗದ ಸೋಂಕು ತಗುಲಿರುವುದು ಖಚಿತವಾಯಿತು. ಆಗ ಆ ವ್ಯಾಧಿಗೆ ಇದ್ದದ್ದು ಒಂದೆರಡು ಔಷಧಗಳು. ಅವೂ ರೋಗವನ್ನು ಕೆಲಕಾಲ ತಡೆಯಬಲ್ಲವೇ ಹೊರತು ನಿಲ್ಲಿಸಬಲ್ಲವಾಗಿರಲಿಲ್ಲ. ಹಲವು ಔಷಧಗಳನ್ನು ಒಟ್ಟುಗೂಡಿಸಿ ಕೊಡುವ ಚಿಕಿತ್ಸೆಯು ಬಳಕೆಗೆ ಬಂದು, ರೋಗಿಗಳು ದಶಕಗಟ್ಟಲೆ ಬದುಕುವಂತಾದದ್ದು 1996ರ ಸುಮಾರಿಗೆ. ಐದು ವರ್ಷಗಳ ಅಂತರದಲ್ಲಿ ಅದು ಅವನಿಗೆ ತಪ್ಪಿಹೋಯಿತು. ತನಗೆ ಈ ರೋಗವಿದೆಯೆಂದು ಅವನು ಲೋಕಕ್ಕೆ ತಿಳಿಸಿದ್ದು ನವೆಂಬರ್ 23ರಂದು, ಸಾಯುವ ಹಿಂದಿನ ದಿನ. ಅದಕ್ಕೆ ಬಹಳ ಮುಂಚಿನಿಂದಲೂ ಕೆಲವು ಪತ್ರಿಕೆಗಳವರು ಅವನ ಮನೆಯ ಗೋಡೆಯ ಹೊರಗೆ ಕ್ಯಾಮೆರಾಗಳನ್ನು ಹಿಡಿದು ಕಾದು, ಅವನ ಬತ್ತಿದ ಕೆನ್ನೆಗಳ ಚಿತ್ರವನ್ನು ತೆಗೆದು ಮುಖಪುಟದಲ್ಲಿ ಅಚ್ಚುಹಾಕಿದ್ದರು. ನಮಗೆ ಆ ಸುದ್ದಿಯು ಬಂದದ್ದು ದಿನಪತ್ರಿಕೆಯ ಒಳಪುಟದ ಕೆಲವೇ ಸಾಲುಗಳಲ್ಲಿ. ಆ ಸಂಜೆ ಗೆಳೆಯರು ಸೇರಿ ಹಳೆಯ ಕ್ಯಾಸೆಟ್ಟನ್ನು ಹಾಕಿದಾಗ, ಹಿಂದಿನ ವಾರವಷ್ಟೇ ನಮ್ಮನ್ನು ಕುಣಿಸಿದ್ದ ಹಾಡೊಂದನ್ನು ಕೇಳಿ ಒಬ್ಬನು, ನೋಡಿದಿರಾ, ಅವನಿಗೆ ಆಗಲೇ ಗೊತ್ತಿತ್ತು ಎಂದ. ನಾವೆಲ್ಲರೂ ತಲೆದೂಗಿದೆವು. ಅಂದು ನಮ್ಮ ಕೋಣೆಯಲ್ಲಿ ನಡೆದದ್ದೇ ಆಮೇಲೆ ಲೋಕದಾದ್ಯಂತ ನಡೆದು, ಪುಸ್ತಕಗಳಾಗಿ, ಚಿತ್ರಗಳಾಗಿ ಸ್ಥಿರಗೊಂಡಿತು.

ಅವನಿಗೆ ಗೊತ್ತಿತ್ತೆ? ಈ ಪ್ರಶ್ನೆಯನ್ನು ಹಾಡು ಹಾಡಾಗಿ, ಇಸವಿ ಇಸವಿಯಾಗಿ ಪರೀಕ್ಷಿಸುವುದು ಯುಕ್ತ. ಚಿರಕಾಲ ಬದುಕಲು ಯಾರಿಗೆ ಬೇಕು ಎಂಬ ಭಾವದ ಹಾಡೊಂದನ್ನು ಅವನ ಮರಣಗೀತೆಯೆಂದು ಭಾವಿಸಿ ಕಣ್ಣೀರಿಡುವವರು ಅಸಂಖ್ಯ. ಅದನ್ನು ಬರೆದವರು ಬ್ರಿಯಾನ್ ಮೇ. ಬರೆದದ್ದು ‘ಹೈಲ್ಯಾಂಡರ್’ ಎಂಬ ಚಲನಚಿತ್ರಕ್ಕಾಗಿ, ಸಾವಿಲ್ಲದ ನಾಯಕನೊಬ್ಬನು ತನ್ನ ಪ್ರಿಯೆ ಮುಪ್ಪಾಗಿ ಸಾಯುವುದನ್ನು ನೋಡಬೇಕಾದ ಸನ್ನಿವೇಶಕ್ಕಾಗಿ. ಹೊರಬಂದದ್ದು 1986ರಲ್ಲಿ, ಫ್ರೆಡ್ಡಿಯ ರೋಗವು ಪತ್ತೆಯಾಗುವುದಕ್ಕೆ ಮೊದಲು. ಕಳೆದ ಯೌವನವನ್ನು ನೆನೆಯುವ ‘ದೀಸ್ ಆರ್ ದ ಡೇಸ್ ಆಫ್ ಅವರ್ ಲೈವ್ಸ್’ ಎಂಬುದನ್ನು ಮುಖ್ಯವಾಗಿ ರಚಿಸಿದವರು ರೋಜರ್ ಟೇಲರ್. ಆಟವು ನಡೆಯಲೇಬೇಕೆಂಬ ಛಲದ ಆ ಪ್ರಸಿದ್ಧ ಗೀತೆಯ ಬಹುಭಾಗವು ಮತ್ತೆ ಮೇ ಅವರದೇ. ತಾವು ಬರೆದ ಏರುಸ್ವರಗಳನ್ನು ಈ ರೋಗಿ ಮುಟ್ಟಬಲ್ಲನೇ ಎಂದು ಅವರು ಅಂಜಿದ್ದರು, ಅವನು ಮುಟ್ಟಿದ. ಹೀಗೆ ಅವನ ಅಂತಿಮ ಶಾಸನಗಳೆಂದು ನಾವು ಪೂಜಿಸುವ ಮಾತುಗಳಲ್ಲಿ ಹೆಚ್ಚಿನವು ಅವನನ್ನು ಪ್ರೀತಿಸುತ್ತಿದ್ದ ಬೇರೆಯವರ ಮಾತುಗಳು. ಅವನು ಅವನ್ನು ತನ್ನದಾಗಿಸಿಕೊಂಡು ಹಾಡಿದನೆಂಬುದು ಗಾಯಕನ ಹಿರಿಮೆ. ಆ ಹಿರಿಮೆಯನ್ನು ಕಿತ್ತು ಅದರ ಸ್ಥಾನದಲ್ಲಿ ರೋಗಿಯ ಪ್ರಲಾಪವನ್ನು ಇಡುವುದರಿಂದ ಅವನು ದೊಡ್ಡವನಾಗುವುದಿಲ್ಲ.

ಮರಣದ ಜ್ಞಾನವೇ ಹಾಡನ್ನು ಆಳುವುದಾದರೆ ‘ಬಾರ್ಸಿಲೋನಾ’ವನ್ನು ಏನೆನ್ನಬೇಕು? ಸ್ಪೇನಿನ ಅಪೆರಾ ಗಾಯಕಿ ಮೊನ್ಸೆರಾಟ್ ಕಬಾಯೆಯ ಕಂಠವನ್ನು ಲಂಡನ್ನಿನ ರಂಗಮಂದಿರದಲ್ಲಿ ಕೇಳಿ ಮನಸೋತಿದ್ದ ಅವನು, 1987ರಲ್ಲಿ ಆಕೆಯನ್ನು ಬಾರ್ಸಿಲೋನಾ ನಗರದಲ್ಲಿ ಕಂಡು, ಸಂಗೀತಗಾರ ಮೈಕ್ ಮೊರಾನರ ಜೊತೆಗೂಡಿ ಆಕೆಗೂ ತನಗೂ ಒಂದು ಯುಗಳಗೀತೆಯನ್ನು ರಚಿಸಿದ. ಅವನ ರೋಗವು ಖಚಿತವಾದ ವರ್ಷವೇ ಅದು. ಆ ಹಾಡೋ, ಮೊದಲಿನಿಂದ ಕೊನೆಯವರೆಗೆ ಉತ್ಸವ. ಇಬ್ಬರ ಕಂಠಗಳೂ ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ, ಗಂಟೆಗಳು ಮೊಳಗುತ್ತವೆ, ಬಾಲ್ಯದಿಂದ ಆಸೆಪಟ್ಟದ್ದು ಕೈಗೆ ಬಂದವನ ಸಂಭ್ರಮವು ಅದರಲ್ಲಿ ತುಂಬಿ ಚೆಲ್ಲುತ್ತದೆ. ಅವನ ಬದುಕಿನ ಅತ್ಯಂತ ಕರಾಳವಾದ ವರ್ಷದಲ್ಲಿ ಹುಟ್ಟಿದ ಈ ಹಾಡು ಅವನ ಅತ್ಯಂತ ಸಂತೋಷದ ಹಾಡುಗಳಲ್ಲಿ ಒಂದು. ಅವನ ಆರೋಗ್ಯವು ಸೊಂಪಾಗಿದ್ದ 1975ರಲ್ಲಿ ಹುಟ್ಟಿದ ‘ಬೊಹೀಮಿಯನ್ ರಾಪ್ಸಡಿ’ಯು ಅವನ ಅತ್ಯಂತ ಕರಾಳವಾದ ಹಾಡು. ಜೀವನಕ್ಕೂ ಹಾಡಿಗೂ ನೇರವಾದ ಸೂತ್ರವನ್ನು ಕಟ್ಟಹೊರಟವರು ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಸ್ವಲ್ಪ ಹೊತ್ತು ಕೇಳಬೇಕು.

‘ಬೊಹೀಮಿಯನ್ ರಾಪ್ಸಡಿ’ಯ ಸಂಗತಿಯನ್ನು ಇನ್ನೂ ಸ್ವಲ್ಪ ಹೇಳಬೇಕಾಗಿದೆ. ಕೊಲೆ ಮಾಡಿದ ಯುವಕನೊಬ್ಬನು ತಾಯಿಯನ್ನು ಕರೆದು ಹೇಳಿಕೊಳ್ಳುವ ಆ ಹಾಡನ್ನು, ಅವನ ಕಾಮಜೀವನದ ಗುಟ್ಟಿನ ನಿವೇದನೆಯೆಂದೂ, ಮುಂದೆ ಬರಲಿದ್ದ ದಂಡನೆಯ ಭವಿಷ್ಯವೆಂದೂ ಒಡೆದು ಹೇಳುವ ವ್ಯಾಖ್ಯಾನಗಳಿಗೆ ಕೊನೆಯಿಲ್ಲ. ಅವನು ಮಾತ್ರ ಎಷ್ಟು ಕೇಳಿದರೂ ಅರ್ಥವನ್ನು ಬಿಡಿಸಿ ಹೇಳಲಿಲ್ಲ. 2023ರಲ್ಲಿ ಲಂಡನ್ನಿನ ಸದಬೀಸ್ ಸಂಸ್ಥೆಯವರು ಅವನ ಮನೆಯ ವಸ್ತುಗಳನ್ನು ಹರಾಜು ಹಾಕಿದಾಗ ಆ ಹಾಡಿನ ಹಸ್ತಪ್ರತಿಯ ಹಾಳೆಗಳು ಎಲ್ಲರ ಕಣ್ಣಿಗೂ ಬಿದ್ದವು. ವಿಮಾನ ಸಂಸ್ಥೆಯೊಂದರ ಹೆಸರಿರುವ ಕಾಗದದ ಮೇಲೆ ಪೆನ್ಸಿಲಿನಲ್ಲಿಯೂ ಶಾಯಿಯಲ್ಲಿಯೂ ಬರೆದು, ಹೊಡೆದುಹಾಕಿ, ಮತ್ತೆ ಬರೆದ ಆ ಹಾಳೆಗಳಲ್ಲಿ ಒಂದರ ನೆತ್ತಿಯ ಮೇಲೆ ‘ಮಂಗೋಲಿಯನ್ ರಾಪ್ಸಡಿ’ ಎಂಬ ಹೆಸರಿತ್ತು. ಮೊದಲ ಪದವನ್ನು ಅಡ್ಡಗೆರೆಯೆಳೆದು ತೆಗೆದು ‘ಬೊಹೀಮಿಯನ್’ ಎಂದು ತಿದ್ದಿತ್ತು. ಹೃದಯದ ಗಾಯದಿಂದ ತಾನಾಗಿ ಸುರಿದದ್ದೆಂದು ನಾವು ನಂಬಿದ್ದ ಹಾಡು, ಹೆಸರಿನಿಂದ ಹಿಡಿದು ಪ್ರತಿಯೊಂದು ಸಾಲನ್ನೂ ತೂಗಿ ನೋಡಿ ಆರಿಸಿದ ಕುಶಲಕರ್ಮಿಯ ಕೃತಿಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇಕಿಲ್ಲ. ಅದರ ಮಧ್ಯಭಾಗದ ಅಪೆರಾ ಅನುಕರಣಕ್ಕಾಗಿ ಅವನೂ ಮೇ, ಟೇಲರ್ ಅವರೂ ದನಿಯ ಮೇಲೆ ದನಿಯನ್ನು ಎಷ್ಟು ಸಲ ಮುದ್ರಿಸಿದರೆಂದರೆ, ಧ್ವನಿಮುದ್ರಣದ ಫೀತೆಯ ಲೇಪವೇ ಸವೆದು ಅದರ ಮೂಲಕ ಬೆಳಕು ಕಾಣುವಂತಾಗಿತ್ತೆಂದು ಅವರೇ ಹೇಳಿದ್ದಾರೆ.

ಕೃತಿಯ ದುಃಖವು ಕರ್ತೃವಿನ ಸ್ವಂತ ದುಃಖವೇ ಎಂಬ ಈ ಪ್ರಶ್ನೆಯನ್ನು ನಮ್ಮ ಆಲಂಕಾರಿಕರು ಸಾವಿರ ವರ್ಷಗಳ ಹಿಂದೆಯೇ ಎತ್ತಿ ಉತ್ತರಿಸಿದ್ದಾರೆ. ಕ್ರೌಂಚಪಕ್ಷಿಯ ವಧೆಯನ್ನು ಕಂಡು ವಾಲ್ಮೀಕಿಯ ಬಾಯಿಂದ ಕಾವ್ಯವು ಹೊಮ್ಮಿತೆಂಬ ಪ್ರಸಂಗವನ್ನು ವಿವೇಚಿಸುತ್ತ ಅಭಿನವಗುಪ್ತನು, ಆ ಶೋಕವನ್ನು ಮುನಿಯ ಸ್ವಂತ ಶೋಕವೆಂದು ತಿಳಿಯಬಾರದೆಂದು ಎಚ್ಚರಿಸುತ್ತಾನೆ. ಅದು ಮುನಿಯ ಸ್ವಂತದ್ದೇ ಆಗಿದ್ದರೆ ಅವನೂ ದುಃಖದಿಂದ ಬೆಂದು, ರಸಕ್ಕೆ ಅವಕಾಶವೇ ಇಲ್ಲದೆ ಹೋಗುತ್ತಿತ್ತು. ಲೋಕದ ದುಃಖವು ಇಂಥವನದು, ಇಂಥ ಕಾಲದ್ದು ಎಂಬ ಕಟ್ಟುಗಳಿಂದ ಬಿಡಿಸಿಕೊಂಡು ಎಲ್ಲ ಸಹೃದಯರಿಗೂ ಸಮಾನವಾಗುವ ಸಾಧಾರಣೀಕರಣವಿಲ್ಲದೆ ರಸವಿಲ್ಲ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದ ಕನ್ನಡಿಗರಿಗೆ ಇದು ಹೊಸ ಮಾತೇನಲ್ಲ. ಪಂಚಗಣಿಯನ್ನೂ ಲಂಡನ್ನನ್ನೂ ಅರಿಯದ ನಾವು ಬೆಂಗಳೂರಿನ ಕೋಣೆಯೊಂದರಲ್ಲಿ, ಹೊದಿಕೆಯಿಲ್ಲದ ಕ್ಯಾಸೆಟ್ಟನ್ನು ಕೇಳಿ, ಯಾರದೋ ಒಂಟಿತನದಲ್ಲಿ ನಮ್ಮ ಒಂಟಿತನವನ್ನು ಕಂಡುಕೊಂಡು ಹರ್ಷಿಸಿದ್ದು ಸಾಧಾರಣೀಕರಣವಲ್ಲದೆ ಮತ್ತೇನು? ಅವನು ಸತ್ತ ಮೇಲೆ ಆ ಹಾಡುಗಳನ್ನು ಮತ್ತೆ ಹಿಡಿದು ಅವನ ಶರೀರಕ್ಕೆ, ಅವನ ರೋಗಕ್ಕೆ, ಅವನ ವೈದ್ಯರ ವರದಿಗೆ ಕಟ್ಟುವುದೆಂದರೆ, ಅವನು ಪರಿಶ್ರಮದಿಂದ ಬಿಡಿಸಿದ ಗಂಟನ್ನು ನಾವು ಪ್ರೀತಿಯ ಹೆಸರಿನಲ್ಲಿ ಮತ್ತೆ ಬಿಗಿದಂತೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು, ಎರಡೂ ಗೌರವಾರ್ಹವಾದವು. ಮೊದಲನೆಯದು, ಕೊನೆಯ ದಿನಗಳ ಕೆಲವು ಹಾಡುಗಳನ್ನಾದರೂ ಅವನು ಮೃತ್ಯುವನ್ನು ಎದುರಿಗಿಟ್ಟುಕೊಂಡೇ ಹಾಡಿದನಲ್ಲವೇ ಎಂಬುದು. ನಿಜ, ಇದನ್ನು ನಾನು ಅಲ್ಲಗಳೆಯಲಾರೆ. ಸ್ವಿಟ್ಜರ್ಲೆಂಡಿನ ಮಾಂಟ್ರೊದಲ್ಲಿ, ಸರೋವರದ ದಡದ ಧ್ವನಿಮುದ್ರಣಾಲಯದಲ್ಲಿ, 1991ರಲ್ಲಿ ಅವನು ‘ಮದರ್ ಲವ್’ ಎಂಬುದನ್ನು ಹಾಡಲು ಮೊದಲುಮಾಡಿ, ಕೊನೆಯ ಚರಣವನ್ನು ಇನ್ನೊಮ್ಮೆ ಬಂದು ಮುಗಿಸುವೆನೆಂದು ಹೊರಟುಹೋದವನು ಮತ್ತೆ ಬರಲಿಲ್ಲ. ಆ ಚರಣವನ್ನು ಮೇ ಅವರೇ ಹಾಡಿ ಪೂರ್ತಿಮಾಡಿದರು. ಅಲ್ಲಿ ಮರಣವು ಹಾಡಿನ ಒಳಗೇ ಇದೆ; ಕೇಳುವವನು ಅದನ್ನು ಕೇಳದಿರಲಾರ. ಆದರೆ ಆ ದಿನಗಳಲ್ಲಿ ಅವನು ಸಂಗಡಿಗರಿಗೆ ಹೇಳುತ್ತಿದ್ದುದು, ಬರೆಯಿರಿ, ಇನ್ನೂ ಬರೆದು ಕೊಡಿ, ಹಾಡಿಬಿಡುತ್ತೇನೆ, ಆಮೇಲೆ ನೀವು ಮುಗಿಸಿಕೊಳ್ಳಿ ಎಂಬರ್ಥದ ಮಾತನ್ನು. ತನ್ನ ಸಾವನ್ನು ಕುರಿತು ನಾವು ಧ್ಯಾನಿಸಬೇಕೆಂದು ಅವನು ಅವಸರಪಡಲಿಲ್ಲ. ಕೆಲಸವು ಉಳಿದುಹೋಗುವುದೆಂದು ಅವಸರಪಟ್ಟ. ಕಟ್ಟಕಡೆಯ ವಿಡಿಯೋ ಚಿತ್ರವನ್ನು ತೆಗೆಯುವಾಗ ತನ್ನ ಕೃಶತೆಯು ಕಾಣದಂತೆ ಕಪ್ಪು ಬಿಳುಪಿನಲ್ಲಿ ಅದನ್ನು ಹೊರತಂದುದು ಕೂಡ, ನೋಡುವವರ ಕಣ್ಣು ಹಾಡಿನ ಮೇಲಿರಲಿ, ರೋಗದ ಮೇಲೆ ಬೇಡ ಎಂಬುದಕ್ಕಾಗಿಯೇ ಎಂದು ನಾನು ತಿಳಿಯುತ್ತೇನೆ.

ಎರಡನೆಯ ಆಕ್ಷೇಪವು ಇದಕ್ಕಿಂತ ಕಠಿನವಾದದ್ದು. ಅಷ್ಟೊಂದು ಜನಪ್ರಿಯನಾದವನು ತನ್ನ ರೋಗವನ್ನು ಮೊದಲೇ ಬಹಿರಂಗಪಡಿಸಿದ್ದರೆ, ನಾಚಿಕೆಯಿಂದಲೂ ಭಯದಿಂದಲೂ ಒಳಗೊಳಗೇ ಸಾಯುತ್ತಿದ್ದ ಸಹಸ್ರಾರು ರೋಗಿಗಳಿಗೆ ಧೈರ್ಯ ಬರುತ್ತಿತ್ತಲ್ಲವೇ ಎಂಬುದು. ಬರುತ್ತಿತ್ತು. ಅವನಿಗಿಂತ ಎರಡೇ ವಾರಗಳ ಹಿಂದೆ, ನವೆಂಬರ್ 7ರಂದು, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಮ್ಯಾಜಿಕ್ ಜಾನ್ಸನ್ ಪತ್ರಿಕಾಗೋಷ್ಠಿಯಲ್ಲಿ ನಿಂತು ತನಗೆ ಸೋಂಕಿರುವುದನ್ನು ಸಾರಿ, ಅಸಂಖ್ಯ ಜನರ ಕಣ್ಣು ತೆರೆಯಿಸಿದರು. ಆ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಒಬ್ಬನು ಧೈರ್ಯದಿಂದ ಕೊಟ್ಟದ್ದನ್ನು ಇನ್ನೊಬ್ಬನಿಂದ ಸಾಲವೆಂಬಂತೆ ವಸೂಲುಮಾಡುವುದು ಧರ್ಮವಲ್ಲ. ಸಲಿಂಗಪ್ರೇಮಿಗಳನ್ನೂ ಏಡ್ಸ್ ರೋಗಿಗಳನ್ನೂ ಪತ್ರಿಕೆಗಳು ಬೇಟೆಯ ಮೃಗಗಳಂತೆ ಅಟ್ಟುತ್ತಿದ್ದ ಆ ವರ್ಷಗಳಲ್ಲಿ, ತನ್ನ ಮನೆಯವರನ್ನೂ ಒಡನಾಡಿಗಳನ್ನೂ ಆ ಬೇಟೆಯಿಂದ ಕಾಪಾಡಲು ಒಬ್ಬನು ಮೌನವಾಗಿದ್ದರೆ, ಹಾಡನ್ನು ಕೇಳಿದ ಋಣವು ನಮಗೆ ಅವನ ಮೌನವನ್ನು ಮುರಿಯುವ ಅಧಿಕಾರವನ್ನು ಕೊಡುವುದಿಲ್ಲ. ಗೋಪ್ಯವನ್ನು ತಾನಾಗಿ ಬಿಟ್ಟ ಆ ಹೇಳಿಕೆಯಲ್ಲಿಯಾದರೂ ಅವನು ಕೇಳಿಕೊಂಡದ್ದು ರೋಗದ ವಿರುದ್ಧದ ಹೋರಾಟದಲ್ಲಿ ವೈದ್ಯರ ಜೊತೆ ಎಲ್ಲರೂ ಕೈಗೂಡಿಸಬೇಕೆಂದು. ಅಭಿಮಾನಿಗಳೂ ಗೆಳೆಯರೂ ಅದನ್ನು ನಡೆಸಿಕೊಟ್ಟರು. ಮರುಮುದ್ರಣಗೊಂಡ ‘ಬೊಹೀಮಿಯನ್ ರಾಪ್ಸಡಿ’ಯ ಉತ್ಪತ್ತಿಯು ಇಂಗ್ಲೆಂಡಿನಲ್ಲಿ ಟೆರೆನ್ಸ್ ಹಿಗ್ಗಿನ್ಸ್ ಟ್ರಸ್ಟಿಗೆ ಸಂದಿತು, 1992ರ ಏಪ್ರಿಲ್ 20ರಂದು ವೆಂಬ್ಲಿಯಲ್ಲಿ ನಡೆದ ಸ್ಮರಣಾರ್ಥ ಸಂಗೀತಸಭೆಯಿಂದ ಮರ್ಕ್ಯುರಿ ಫೀನಿಕ್ಸ್ ಟ್ರಸ್ಟ್ ಹುಟ್ಟಿ, ಇಂದಿಗೂ ಏಡ್ಸ್ ನಿವಾರಣೆಯ ಕಾರ್ಯಕ್ಕೆ ದ್ರವ್ಯವನ್ನು ಒದಗಿಸುತ್ತಿದೆ.

ಸತ್ತ ಗಾಯಕನ ಹಾಡನ್ನು ಸಾವಿನ ಹಾಡಾಗಿಸುವ ಈ ಪ್ರವೃತ್ತಿಯು ಎಲ್ಲಕ್ಕಿಂತ ಹೆಚ್ಚಾಗಿ ಹಾನಿಮಾಡಿರುವುದು ಅವನ ಇಪ್ಪತ್ತು ನಿಮಿಷಗಳ ಒಂದು ಸಂಜೆಗೆ. 1985ರ ಜುಲೈ 13ರಂದು, ಇಥಿಯೋಪಿಯದ ಕ್ಷಾಮಪೀಡಿತರ ಸಹಾಯಾರ್ಥವಾಗಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ‘ಲೈವ್ ಏಡ್’ ಎಂಬ ಮಹಾಸಭೆ ನಡೆಯಿತು. ಎಪ್ಪತ್ತು ಸಾವಿರವನ್ನು ಮೀರಿದ ಜನ. ಇನ್ನೂ ಕತ್ತಲಾಗದ ಸಂಜೆಯ ಬೆಳಕು. ಬಿಳಿಯ ಬನಿಯನ್ನು, ಮಾಸಲು ಬಣ್ಣದ ಜೀನ್ಸ್, ತೋಳಿಗೆ ಗುಬುಟುಗಳ ಪಟ್ಟಿ, ಇಷ್ಟೇ ವೇಷದಲ್ಲಿ ಅವನು ಓಡಿಬಂದ. ಪಿಯಾನೊದ ಮೇಲೆ ಕಾಗದದ ಲೋಟಗಳು ಸಾಲಾಗಿ ನಿಂತಿದ್ದವು. ಅವುಗಳ ನಡುವೆಯೇ ಕುಳಿತು ‘ಬೊಹೀಮಿಯನ್ ರಾಪ್ಸಡಿ’ಯ ಮೊದಲ ಸ್ವರಗಳನ್ನು ನುಡಿಸಿದಾಗ ಎದ್ದ ಕೋಲಾಹಲವನ್ನು ಚಿತ್ರದಲ್ಲಿ ಈಗಲೂ ಕೇಳಬಹುದು. ಆಮೇಲೆ ‘ರೇಡಿಯೋ ಗಾ ಗಾ’ಕ್ಕೆ ಇಡೀ ಕ್ರೀಡಾಂಗಣವು ಕೈಯೆತ್ತಿ ತಟ್ಟಿದ ಚಪ್ಪಾಳೆ, ಆಮೇಲೆ, ವಾದ್ಯಗಳೆಲ್ಲ ಸುಮ್ಮನಾಗಿ, ಬುಡ ಮುರಿದ ತನ್ನ ಆ ಮೊಂಡು ಕೋಲಿನ ಮೈಕನ್ನು ಹಿಡಿದು ಅವನು ಸ್ವರವೊಂದನ್ನು ಎಸೆಯುವುದು, ಜನರು ಅದನ್ನು ಹಾಗೆಯೇ ಹಿಂದಕ್ಕೆ ಕೊಡುವುದು, ಅವನು ಇನ್ನಷ್ಟು ತೊಡಕಾದುದನ್ನು ಎಸೆಯುವುದು, ಅವರು ಅದನ್ನೂ ಕೊಡುವುದು. ಪಾಠ ಹೇಳುವ ಉಪಾಧ್ಯಾಯನ ಸಂತೋಷವೂ ಚೇಷ್ಟೆಮಾಡುವ ಬಾಲಕನ ಸಂತೋಷವೂ ಆ ಮುಖದಲ್ಲಿ ಏಕಕಾಲದಲ್ಲಿ ಕಾಣುತ್ತವೆ. ಮರುವರ್ಷ ಬುಡಾಪೆಸ್ಟಿನಲ್ಲಿ ಹಂಗೇರಿಯ ಜನಪದಗೀತೆಯೊಂದನ್ನು ಹಾಡುವಾಗ ಮಾತುಗಳನ್ನು ಅಂಗೈಯ ಮೇಲೆ ಬರೆದುಕೊಂಡು ಬಂದು, ಜನರೆದುರಿಗೇ ಅಂಗೈಯನ್ನು ನೋಡಿ ನೋಡಿ ಹಾಡಿದವನ ಮುಖವೂ ಇದೇ.

2018ರಲ್ಲಿ ಬಂದ ‘ಬೊಹೀಮಿಯನ್ ರಾಪ್ಸಡಿ’ ಎಂಬ ಚಲನಚಿತ್ರವು ಈ ಸಂಜೆಯನ್ನು ಅತ್ಯಂತ ಶ್ರದ್ಧೆಯಿಂದ, ಲೋಟಗಳ ಸಾಲನ್ನೂ ಬಿಡದಂತೆ, ಮರುಸೃಷ್ಟಿಸಿದೆ. ನಾಯಕನ ಪಾತ್ರ ಮಾಡಿದ ರಾಮಿ ಮಾಲೆಕ್ ಆಸ್ಕರ್ ಪ್ರಶಸ್ತಿಯನ್ನು ಪಡೆದರು. ಅವರ ಪರಿಶ್ರಮವನ್ನು ನಾನು ಕಡೆಗಣಿಸಲಾರೆ. ಆದರೆ ಲೋಟಗಳನ್ನು ಅವುಗಳ ಸ್ಥಾನದಲ್ಲಿಟ್ಟ ಆ ಚಿತ್ರವು ಕಾಲವನ್ನು ಮಾತ್ರ ಅದರ ಸ್ಥಾನದಲ್ಲಿಡಲಿಲ್ಲ. ಅದರಲ್ಲಿ ಅವನು ಲೈವ್ ಏಡ್‌ಗೆ ಮೊದಲೇ ತನ್ನ ರೋಗವನ್ನು ಅರಿತು, ಅಭ್ಯಾಸದ ವೇಳೆಯಲ್ಲಿ ಸಂಗಡಿಗರಿಗೆ ತಿಳಿಸುತ್ತಾನೆ; ಎಂದೋ ಒಡೆದುಹೋಗಿದ್ದ ತಂಡವು ಆ ಮರಣದ ನೆರಳಿನಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ವಸ್ತುಸ್ಥಿತಿಯಲ್ಲಿ ತಂಡವು ಒಡೆದಿರಲಿಲ್ಲ, ಅದೇ ವರ್ಷದ ಮೇ ತಿಂಗಳವರೆಗೂ ಊರಿಂದೂರಿಗೆ ಹೋಗಿ ಹಾಡುತ್ತಿತ್ತು. ರೋಗವು ಖಚಿತವಾದದ್ದು ಎರಡು ವರ್ಷಗಳ ಅನಂತರ. ಕಥೆಗೆ ಕಟ್ಟು ಬೇಕೆಂಬುದು ಚಿತ್ರಕಾರರ ಸಮಾಧಾನವಿರಬಹುದು. ನನ್ನ ಆಕ್ಷೇಪವು ಇಸವಿಯ ತಪ್ಪಿಗಾಗಿ ಅಲ್ಲ. ಆ ತಪ್ಪು ಅವನಿಂದ ಏನನ್ನು ಕಸಿದುಕೊಂಡಿತೆಂಬುದಕ್ಕಾಗಿ. ಮೂವತ್ತೆಂಟು ವರ್ಷದ ಆರೋಗ್ಯವಂತನೊಬ್ಬನು, ತನ್ನ ಕಸುಬಿನ ಪರಾಕಾಷ್ಠೆಯಲ್ಲಿ, ಹಗಲು ಬೆಳಕಿನಲ್ಲಿ, ದೀಪಗಳ ಬೆಡಗೊಂದೂ ಇಲ್ಲದೆ, ಕೇವಲ ತನ್ನ ಕಂಠದಿಂದಲೂ ಕಾಲಿನಿಂದಲೂ ಜನಸಮುದ್ರವನ್ನು ಆಡಿಸಿದ ಶುದ್ಧವಾದ ಆನಂದವು, ಆ ಚಿತ್ರವನ್ನು ನೋಡಿ ಬಂದವರ ಕಣ್ಣಿಗೆ ಸಾಯುವವನ ವಿದಾಯವಾಗಿ ಕಾಣುತ್ತದೆ. ಅಷ್ಟೊಂದು ನಲಿದವನನ್ನು ಕಂಡು ನಾವು ಮರುಗುತ್ತೇವೆ. ಮರುಕಕ್ಕೆ ಪಾತ್ರವಾಗದ ಒಂದು ದಿನವನ್ನಾದರೂ ಅವನಿಗೆ ಉಳಿಸುವುದು ಬೇಡವೇ?

ಅವನ ಅಂತ್ಯಕ್ರಿಯೆಯು ಪಾರಸಿ ವಿಧಿಯಿಂದ ನಡೆಯಿತು. ಚಿತಾಭಸ್ಮವನ್ನು ಎಲ್ಲಿ ಇಟ್ಟರೆಂಬುದನ್ನು ಅವನ ಅತ್ಯಂತ ಹತ್ತಿರದ ಗೆಳತಿ ಮೇರಿ ಆಸ್ಟಿನ್ ಅವನ ಇಚ್ಛೆಯಂತೆ ಹೊರಗೆಡಹಲಿಲ್ಲ. ಹರಾಜಿನಲ್ಲಿ ಅವನ ಪಿಯಾನೊ ಹದಿನೇಳು ಲಕ್ಷ ಪೌಂಡುಗಳಿಗೆ ಹೋಯಿತು. ಇವುಗಳ ಕುರಿತಾದ ಕುತೂಹಲಕ್ಕೆ ಹೆಚ್ಚು ಬೆಲೆಯಿದೆಯೆಂದು ನನಗೆ ತೋರುವುದಿಲ್ಲ. ಆದರೆ ಅವನು ಬದುಕಿದ್ದಾಗ ಅವನನ್ನು ಕೇಳಿದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ, ಅವನ ಮರಣವನ್ನು ಮೊದಲು ತಿಳಿದು ಆಮೇಲೆ ಅವನ ಹಾಡಿಗೆ ಬರುವವರ ಸಂಖ್ಯೆ ಏರುತ್ತಿದೆ. ಇದನ್ನು ಯೋಚಿಸಿದಾಗ, ಹಳೆಯ ಅಭಿಮಾನಿಗಳ ನೆನಪಿಗೆ ಒಂದು ಕರ್ತವ್ಯವುಂಟೆಂದು ನನಗೆ ನಿಶ್ಚಯವಾಗುತ್ತದೆ. ಅದು ಪೂಜೆಯ ಕರ್ತವ್ಯವಲ್ಲ, ಸಾಕ್ಷ್ಯದ್ದು. ಅಂತ್ಯವು ನಮಗೆ ಗೊತ್ತಿಲ್ಲದಿದ್ದಾಗ ಈ ಹಾಡುಗಳು ಹೇಗೆ ಕೇಳಿಸಿದವೆಂಬುದನ್ನು ನಾವಲ್ಲದೆ ಬೇರೆ ಯಾರೂ ಹೇಳಲಾರರು.

ನನ್ನ ಬಂಧುಗಳ ಮಗನೊಬ್ಬನು, ಚಲನಚಿತ್ರದಿಂದಲೇ ಫ್ರೆಡ್ಡಿಯನ್ನು ಅರಿತವನು, ಒಮ್ಮೆ ನಮ್ಮ ಮನೆಯಲ್ಲಿ ಲೈವ್ ಏಡ್‌ನ ನಿಜವಾದ ಚಿತ್ರವನ್ನು ನೋಡುತ್ತಿದ್ದ. ಮುಖವು ಬಾಡಿತ್ತು. ಸಾಯುತ್ತೇನೆಂದು ತಿಳಿದೂ ಹೇಗೆ ಹೀಗೆ ಹಾಡಿದ ಎಂದು ಕೇಳಿದ. ತಿಳಿದಿರಲಿಲ್ಲ, ರೋಗದ ಪತ್ತೆಗೆ ಇನ್ನೂ ಎರಡು ವರ್ಷಗಳಿದ್ದವು ಎಂದು ನಾನು ಹೇಳಿದೆ. ಅವನು ನಂಬದೆ ಇಸವಿಗಳನ್ನು ತಾನೇ ಹುಡುಕಿ ನೋಡಿಕೊಂಡು, ಚಿತ್ರವನ್ನು ಮೊದಲಿನಿಂದ ಮತ್ತೆ ಹಾಕಿದ. ‘ಹ್ಯಾಮರ್ ಟು ಫಾಲ್’ ಎಂಬ ಹಾಡಿನ ನಡುವೆ ಫ್ರೆಡ್ಡಿಯು ವೇದಿಕೆಯ ಮೇಲಿದ್ದ ಛಾಯಾಗ್ರಾಹಕನನ್ನು ಹಿಡಿದುಕೊಂಡು, ಅವನ ಸುತ್ತ ಕುಣಿದು, ಕ್ಯಾಮೆರಾದೊಳಗೆ ಮುಖವಿಟ್ಟು ಅವನನ್ನು ಕಾಡುವ ಭಾಗವೊಂದಿದೆ. ಹುಡುಗನು ಅಲ್ಲಿ ಗಟ್ಟಿಯಾಗಿ ನಕ್ಕು, ಇದನ್ನು ನಾನು ಮೊದಲು ನೋಡಿಯೇ ಇರಲಿಲ್ಲ ಎಂದ.